ಗಬ್ಬರ್ ಬಂಡೆ ಒಂದೇ ಅಲ್ಲ: 1970ರಿಂದ 75ರವರೆಗಿನ ನಮ್ಮ ಸಿನಿಮಾ ಲೆಕ್ಕ

ಭಾಗ 1/10
ಪ್ರಶ್ನೆ

ಭಾನುವಾರ ಬಿಡದಿಯಲ್ಲಿ ಗಾಡಿ ನಿಲ್ಲಿಸಿ ತಟ್ಟೆ ಇಡ್ಲಿ ತಿನ್ನೋ ಜನ ಕೈ ತೊಳೆದು ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಶೋಲೆ ಬೆಟ್ಟ ಇನ್ನೂ ಎಷ್ಟು ದೂರ?" ಮೈಸೂರು ಕಡೆ ಹೋದ್ರೆ ಮುಂದಿನ ಊರೇ ರಾಮನಗರ, ಅಲ್ಲೇ ರಾಮದೇವರಬೆಟ್ಟ. ಗಬ್ಬರ್ ಸಿಂಗ್ ನಿಂತಿದ್ದ ಬಂಡೆ ಯಾವುದು ಅಂತ ತೋರಿಸೋಕೆ ಯಾರಾದ್ರೂ ಸಿಕ್ಕೇ ಸಿಗ್ತಾರೆ.

ಈಗ ನಿಮಗೆ ನನ್ನ ಪ್ರಶ್ನೆ. 'ಶೋಲೆ' ಬಿಡುಗಡೆಯಾಗಿದ್ದು 1975ರ ಆಗಸ್ಟ್ 15ಕ್ಕೆ. ಅದೇ 1975ನೇ ಸಾಲಿನಲ್ಲಿ ಇಡೀ ದೇಶಕ್ಕೆ ಅತ್ಯುತ್ತಮ ಚಿತ್ರ ಅಂತ ಸ್ವರ್ಣ ಕಮಲ ತಗೊಂಡ ಸಿನಿಮಾ ಯಾವುದು?

ಶೋಲೆ ಅಲ್ಲ. 'ದೀವಾರ್' ಕೂಡ ಅಲ್ಲ. ಅದು ಕನ್ನಡದ 'ಚೋಮನ ದುಡಿ'.

ನಮ್ಮ ಕ್ಲಾಸಲ್ಲಿ ಕೇಳಿ ನೋಡಿದೆ. ಶೋಲೆ ಡೈಲಾಗ್ ಹತ್ತು ಜನ ಹೇಳಿದ್ರು, ಚೋಮನ ದುಡಿ ಹೆಸರು ಕೇಳಿದ್ದೋರು ಇಬ್ಬರು. ಅದೂ ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರು ಕಾದಂಬರಿ ಬಗ್ಗೆ ಹೇಳಿದ್ರು ಅನ್ನೋ ಕಾರಣಕ್ಕೆ. ತಪ್ಪು ಯಾರದ್ದೂ ಅಲ್ಲ ಬಿಡಿ. ನಮಗೆ ಯಾರೂ ಹೇಳಲಿಲ್ಲ, ಅಷ್ಟೇ.

ಹಾಗಾಗಿ ಈ ಸಲದ ಸೀರೀಸ್ 1970ರಿಂದ 75ರವರೆಗಿನ ಕನ್ನಡ ಸಿನಿಮಾ ಬಗ್ಗೆ. ಟ್ರಿವಿಯಾ ಬೇಕಾದಷ್ಟು ಕೊಡ್ತೀನಿ. ಆದ್ರೆ ಅದರ ಜೊತೆ ಒಂದು ಮಾತನ್ನೂ ಸಾಬೀತು ಮಾಡಬೇಕು ಅಂತಿದೀನಿ. "ಪ್ರಶಸ್ತಿ ಸಿನಿಮಾ ಬೇರೆ, ಓಡೋ ಸಿನಿಮಾ ಬೇರೆ" ಅಂತ ನಾವು ಎರಡು ಖಾತೆ ಇಟ್ಕೊಂಡಿದೀವಲ್ಲ, ಆ ಆರು ವರ್ಷದಲ್ಲಿ ಆ ಎರಡು ಖಾತೆಗೂ ಬಂಡವಾಳ ಬಂದದ್ದು ಒಂದೇ ಕಡೆಯಿಂದ. ಎಲ್ಲಿಂದ ಅನ್ನೋದನ್ನ ಎಂಟನೇ ಭಾಗದಲ್ಲಿ ಪಟ್ಟಿ ಹಾಕಿ ತೋರಿಸ್ತೀನಿ.

ಟೀ ಹಿಡ್ಕೊಂಡು ಕೂತ್ಕೊಳ್ಳಿ. ಸ್ವಲ್ಪ ಉದ್ದ ಇದೆ.

ಭಾಗ 2/10
ಮೊದಲು ಶೋಲೆ ಲೆಕ್ಕ ಮುಗಿಸೋಣ

ನಮ್ಮ ಜಿಲ್ಲೆಯಲ್ಲಿ ಕೂತು ಶೋಲೆ ಬಿಟ್ಟು ಮಾತಾಡೋಕೆ ಆಗಲ್ಲ. ಅದಕ್ಕೆ ಅದನ್ನೇ ಮೊದಲು ಹೇಳಿಬಿಡ್ತೀನಿ.

ರಮೇಶ್ ಸಿಪ್ಪಿ ಚಿತ್ರೀಕರಣ ಶುರು ಮಾಡಿದ್ದು 1973ರ ಅಕ್ಟೋಬರ್‌ನಲ್ಲಿ. ಕಲಾ ನಿರ್ದೇಶಕ ರಾಮ್ ಯೇಡೇಕರ್ ಬಂಡೆಗಳ ಬುಡದಲ್ಲಿ ಒಂದು ಇಡೀ ಊರನ್ನೇ ಕಟ್ಟಿಸಿದ್ರು. ಸಿನಿಮಾದ 'ರಾಮಗಢ' ಅದೇ. ಹೈವೇಯಿಂದ ಅಲ್ಲಿಗೆ ರಸ್ತೆ ಕೂಡ ಮಾಡಿಸಬೇಕಾಯ್ತು. ರೈಲಿನ ಫೈಟ್ ಇದೆಯಲ್ಲ, ಅದು ಮಾತ್ರ ಇಲ್ಲಿನದಲ್ಲ, ಮುಂಬೈ ಹತ್ತಿರ ಪನ್ವೇಲ್ ಕಡೆಯದು. ಯಾರಾದ್ರೂ ರಾಮನಗರ ಸ್ಟೇಷನ್ ತೋರಿಸಿ "ಇಲ್ಲೇ ಆ ಟ್ರೈನು" ಅಂದ್ರೆ ನಗ್ತಾ ತಲೆ ಆಡಿಸಿ ಸುಮ್ಮನಾಗಿ.

ಪ್ರಶಸ್ತಿ ಲೆಕ್ಕ ಬರೆಯೋಕೆ ಒಂದು ಗೆರೆ ಸಾಕು. ಫಿಲ್ಮ್‌ಫೇರ್‌ನಲ್ಲಿ ಒಂಬತ್ತು ನಾಮನಿರ್ದೇಶನ, ಗೆದ್ದಿದ್ದು ಒಂದೇ ಒಂದು: ಸಂಕಲನಕ್ಕೆ, ಎಂ.ಎಸ್. ಶಿಂಧೆ ಅವರಿಗೆ. ಆ ವರ್ಷದ ಅತ್ಯುತ್ತಮ ಚಿತ್ರ ದೀವಾರ್. ಮೂವತ್ತು ವರ್ಷ ಆದ್ಮೇಲೆ, 2005ರಲ್ಲಿ, ಅದೇ ಫಿಲ್ಮ್‌ಫೇರ್ ಶೋಲೆಯನ್ನ ಐವತ್ತು ವರ್ಷಗಳ ಅತ್ಯುತ್ತಮ ಚಿತ್ರ ಅಂತ ಕರೆಯಿತು.

ಅಂದ್ರೆ ಪ್ರಶಸ್ತಿ ಅನ್ನೋದು ಆ ವರ್ಷದ ಬ್ಯಾಲೆನ್ಸ್ ಶೀಟು ಇದ್ದ ಹಾಗೆ. ಮಾರ್ಚ್ 31ಕ್ಕೆ ಏನು ಕಾಣ್ತಿತ್ತೋ ಅಷ್ಟೇ ಅದರಲ್ಲಿ ಇರುತ್ತೆ. ಆಮೇಲೆ ಆಸ್ತಿ ಬೆಲೆ ಏರಿದ್ದು, ಇಳಿದದ್ದು ಅದರಲ್ಲಿ ಕಾಣಲ್ಲ. ಮುಂದೆ ಓದುವಾಗ ಇದನ್ನ ಮನಸಲ್ಲಿ ಇಟ್ಕೊಳ್ಳಿ.

ಇನ್ನೊಂದು ಚಿಕ್ಕ ವಿಷಯ. ಇದೇ ಕಲ್ಲುಬೆಟ್ಟಗಳ ಸಾಲಿಗೆ 1980ರ ದಶಕದಲ್ಲಿ ಡೇವಿಡ್ ಲೀನ್ ಬಂದು 'ಎ ಪ್ಯಾಸೇಜ್ ಟು ಇಂಡಿಯಾ' ತೆಗೆದರು. ಅದರಲ್ಲಿ ಕಾಣೋ ಬೆಟ್ಟ ಮಾಗಡಿ ತಾಲ್ಲೂಕಿನ ಸಾವನದುರ್ಗ. ಹಾಗೇ ಚನ್ನಪಟ್ಟಣ ತಾಲ್ಲೂಕಿನ ದಶವಾರ ಬಿ. ಸರೋಜಾದೇವಿ ಅವರ ಊರು. 2025ರ ಜುಲೈನಲ್ಲಿ ತೀರಿಕೊಂಡಾಗ ಅವರನ್ನ ಕರ್ಕೊಂಡು ಬಂದದ್ದೂ ಅಲ್ಲಿಗೇ. ನಮ್ಮ ಸುತ್ತಮುತ್ತ ಸಿನಿಮಾ ಇತಿಹಾಸ ಅಂದ್ರೆ ಒಂದು ಬಂಡೆ ಮಾತ್ರ ಅಲ್ಲ.

ಭಾಗ 3/10
ಮೊದಲ ಚಿನ್ನದ ಪದಕ: ಸಂಸ್ಕಾರ, 1970

ಆಗ ನಮ್ಮ ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರೇ ಇರಲಿಲ್ಲ. ಮೈಸೂರು ರಾಜ್ಯ. ಹೆಸರು ಬದಲಾಗಿದ್ದು 1973ರ ನವೆಂಬರ್ 1ಕ್ಕೆ.

ಯು.ಆರ್. ಅನಂತಮೂರ್ತಿ ಅವರ ಕಾದಂಬರಿ 'ಸಂಸ್ಕಾರ' ಬಂದದ್ದು 1965ರಲ್ಲಿ. ಕತೆಯ ಎಳೆ ಸರಳ. ದೂರ್ವಾಸಪುರ ಅನ್ನೋ ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸತ್ತು ಹೋಗ್ತಾನೆ. ಹೆಣ ಯಾರು ಸುಡಬೇಕು? ತೀರ್ಮಾನ ಆಗೋವರೆಗೂ ಊರಲ್ಲಿ ಯಾರೂ ಊಟ ಮಾಡೋ ಹಾಗಿಲ್ಲ. ಹೊರಗೆ ಪ್ಲೇಗು ಬಂದಿದೆ.

ಇದನ್ನ ಸಿನಿಮಾ ಮಾಡಿದವರು ಪಟ್ಟಾಭಿರಾಮ ರೆಡ್ಡಿ, ತೆಲುಗು ಕವಿ. ಚಿತ್ರಕತೆ ಬರೆದು ಪ್ರಾಣೇಶಾಚಾರ್ಯ ಆಗಿ ನಟಿಸಿದ್ದು ಗಿರೀಶ್ ಕಾರ್ನಾಡ್. ನಾರಣಪ್ಪ ಪಿ. ಲಂಕೇಶ್! ಹೌದು, ಪತ್ರಿಕೆಯ ಲಂಕೇಶ್ ಅವರೇ. ಚಂದ್ರಿ ಪಾತ್ರ ಪಟ್ಟಾಭಿ ಅವರ ಪತ್ನಿ ಸ್ನೇಹಲತಾ ರೆಡ್ಡಿ ಅವರದ್ದು. ಈ ಹೆಸರು ನೆನಪಿಟ್ಕೊಳ್ಳಿ, ಒಂಬತ್ತನೇ ಭಾಗದಲ್ಲಿ ಮತ್ತೆ ಬರುತ್ತೆ. ಸಂಗೀತ ಸರೋದ್ ವಾದಕ ರಾಜೀವ್ ತಾರಾನಾಥ್. ಕ್ಯಾಮೆರಾ ಹಿಡಿದದ್ದು ಟಾಮ್ ಕೋವನ್, ಆಸ್ಟ್ರೇಲಿಯಾದವರು. ಶೂಟಿಂಗ್ ಆಗಿದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ.

ಅಂದ್ರೆ ಒಬ್ಬ ತೆಲುಗು ಕವಿ, ಒಬ್ಬ ಆಸ್ಟ್ರೇಲಿಯನ್, ಒಂದಷ್ಟು ರಂಗಭೂಮಿಯ ಜನ, ಸಾಹಿತಿಗಳು ಸೇರಿ ಮಲೆನಾಡಿನ ಹಳ್ಳಿಯಲ್ಲಿ ಕಪ್ಪು ಬಿಳುಪಿನ ಸಿನಿಮಾ ಮಾಡಿದ್ರು. ಹಾಡಿಲ್ಲ, ಫೈಟಿಲ್ಲ.

ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನ ತಡೆಹಿಡಿಯಿತು. ಜಾತಿ ವಿಷಯ ಇದೆ, ಗಲಾಟೆ ಆಗಬಹುದು ಅನ್ನೋ ಭಯ. ದೆಹಲಿವರೆಗೂ ಹೋಗಿ ಅನುಮತಿ ತರಬೇಕಾಯ್ತು. ಯಾವ ಸಿನಿಮಾವನ್ನ ಜನರಿಗೆ ತೋರಿಸಬಾರದು ಅಂದಿದ್ರೋ, ಅದಕ್ಕೇ 1970ನೇ ಸಾಲಿನ ರಾಷ್ಟ್ರಪತಿಗಳ ಚಿನ್ನದ ಪದಕ ಬಂತು. ಇವತ್ತು ನಾವು ಸ್ವರ್ಣ ಕಮಲ ಅಂತೀವಲ್ಲ, ಅದೇ. ಕನ್ನಡಕ್ಕೆ ಅದು ಮೊದಲನೇದು.

ಭಾಗ 4/10
ವಂಶವೃಕ್ಷ, ಕಾಡು, ಪೋಸ್ಟಾಫೀಸು

ಸಂಸ್ಕಾರ ಆದ್ಮೇಲೆ ಬಾಗಿಲು ತೆಗೆದ ಹಾಗಾಯ್ತು.

1971ನೇ ಸಾಲಿಗೆ ಅತ್ಯುತ್ತಮ ನಿರ್ದೇಶನದ ರಾಷ್ಟ್ರ ಪ್ರಶಸ್ತಿ ಇಬ್ಬರಿಗೆ ಒಟ್ಟಿಗೆ ಬಂತು: ಬಿ.ವಿ. ಕಾರಂತ ಮತ್ತು ಗಿರೀಶ್ ಕಾರ್ನಾಡ್. ಚಿತ್ರ 'ವಂಶವೃಕ್ಷ', ಎಸ್.ಎಲ್. ಭೈರಪ್ಪ ಅವರ ಕಾದಂಬರಿ. ಇಬ್ಬರೂ ನಾಟಕದ ಜನ, ಇಬ್ಬರಿಗೂ ನಿರ್ದೇಶಕರಾಗಿ ಅದು ಮೊದಲ ಕಥಾಚಿತ್ರ. ಗಂಡ ಸತ್ತ ಹೆಣ್ಣುಮಗಳು ಮತ್ತೆ ಓದೋಕೆ ಕಾಲೇಜಿಗೆ ಹೋಗ್ತಾಳೆ, ಮತ್ತೆ ಮದುವೆ ಆಗ್ತಾಳೆ. ಆ ಕಾತ್ಯಾಯಿನಿ ಪಾತ್ರ ಎಲ್.ವಿ. ಶಾರದಾ ಅವರದ್ದು.

1973ರಲ್ಲಿ ಕಾರ್ನಾಡ್ ಒಬ್ಬರೇ 'ಕಾಡು' ಮಾಡಿದ್ರು. ಕಾದಂಬರಿ ಶ್ರೀಕೃಷ್ಣ ಆಲನಹಳ್ಳಿ ಅವರದ್ದು. ಪುಸ್ತಕ ಬಂದಾಗ ಅವರ ವಯಸ್ಸು ಇಪ್ಪತ್ತೈದರ ಆಸುಪಾಸು. ಇಪ್ಪತ್ತಕ್ಕೆ ಇಂಟರ್ನಲ್ಸ್ ಬರೆಯೋಕೆ ಒದ್ದಾಡೋ ನಮ್ಮಂಥವರು ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಎರಡು ಹಳ್ಳಿಗಳ ದ್ವೇಷವನ್ನ ಕಿಟ್ಟಿ ಅನ್ನೋ ಹುಡುಗನ ಕಣ್ಣಲ್ಲಿ ನೋಡೋ ಕತೆ. ಎರಡನೇ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು. ಕಿಟ್ಟಿ ಆಗಿದ್ದ ಜಿ.ಎಸ್. ನಟರಾಜ್‌ಗೆ ಬಾಲನಟ ಪ್ರಶಸ್ತಿ, ನಂದಿನಿ ಭಕ್ತವತ್ಸಲ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ. ಛಾಯಾಗ್ರಹಣ ಗೋವಿಂದ ನಿಹಲಾನಿ. ಅವರು ಕೆಲಸ ಕಲಿತದ್ದು ಮೈಸೂರಿನ ವಿ.ಕೆ. ಮೂರ್ತಿ ಅವರ ಸಹಾಯಕರಾಗಿ. ಅಮರೀಶ್ ಪುರಿ ಕೂಡ ಇದರಲ್ಲಿದ್ದಾರೆ, ಹಿಂದಿಯಲ್ಲಿ ದೊಡ್ಡ ಖಳನಾಯಕ ಆಗೋಕೆ ಎಷ್ಟೋ ವರ್ಷ ಮೊದಲು.

ಅದೇ 1973ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ 'ಅಬಚೂರಿನ ಪೋಸ್ಟಾಫೀಸು'. ನಿರ್ದೇಶನ ಎನ್. ಲಕ್ಷ್ಮೀನಾರಾಯಣ್, ಕತೆ ಪೂರ್ಣಚಂದ್ರ ತೇಜಸ್ವಿ.

ಇಂಥ ಚಿತ್ರಗಳನ್ನ ಸೇರಿ ಕೂತು ನೋಡೋ ಜನವೂ ಆಗ ತಯಾರಾಗ್ತಿದ್ರು. ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ ಶುರುವಾಗಿದ್ದು 1971ರಲ್ಲಿ.

ಇಲ್ಲಿವರೆಗೆ ಓದಿದವರು "ಸರಿ ಗುರೂ, ಇವೆಲ್ಲ ಬುದ್ಧಿಜೀವಿಗಳ ಸಿನಿಮಾ" ಅಂತಿರಬಹುದು. ಮುಂದೆ ಬನ್ನಿ.

ಭಾಗ 5/10
ಶರಪಂಜರ: ಲೇಖಕಿ ನೋಡದೇ ಹೋದ ಸಿನಿಮಾ

ಪುಟ್ಟಣ್ಣ ಕಣಗಾಲ್ ಸಿನಿಮಾ ನೋಡೋಕೆ ಯಾರಿಗೂ ಫಿಲ್ಮ್ ಸೊಸೈಟಿ ಸದಸ್ಯತ್ವ ಬೇಕಿರಲಿಲ್ಲ. ಥಿಯೇಟರ್ ಮುಂದೆ ಹೆಣ್ಣುಮಕ್ಕಳ ಸಾಲೇ ನಿಲ್ಲುತ್ತಿತ್ತು ಅಂತ ಹಿರಿಯರು ಹೇಳ್ತಾರೆ.

1971ರ 'ಶರಪಂಜರ'. ಕಾವೇರಿ ಅನ್ನೋ ಗೃಹಿಣಿಗೆ ಹೆರಿಗೆ ಆದ್ಮೇಲೆ ಮಾನಸಿಕ ಕಾಯಿಲೆ ಬರುತ್ತೆ. ಆಸ್ಪತ್ರೆಗೆ ಹೋಗ್ತಾಳೆ, ಗುಣ ಆಗಿ ಮನೆಗೆ ಬರ್ತಾಳೆ. ತೊಂದರೆ ಶುರುವಾಗೋದು ಆಮೇಲೆ. ಕಾಯಿಲೆ ಹೋಯ್ತು, ಹೆಸರು ಹೋಗಲಿಲ್ಲ. ಮನೆಯವರು, ಅಕ್ಕಪಕ್ಕದವರು, ಗಂಡ, ಎಲ್ಲರ ಕಣ್ಣಲ್ಲೂ ಅವಳು ಇನ್ನೂ ಹುಚ್ಚಿ. ಕಾವೇರಿ ಆಗಿ ಕಲ್ಪನಾ ಮಾಡಿದ ಅಭಿನಯವನ್ನ ಇವತ್ತಿಗೂ ಜನ ಮಾತಾಡ್ತಾರೆ.

ಹೆರಿಗೆ ನಂತರದ ಖಿನ್ನತೆ ಬಗ್ಗೆ ಈಗ ರೀಲ್ಸ್ ಬರುತ್ತೆ, ಡಾಕ್ಟರ್‌ಗಳು ಪಾಡ್‌ಕಾಸ್ಟ್ ಮಾಡ್ತಾರೆ. 1971ರಲ್ಲಿ ಒಂದು ಕಮರ್ಷಿಯಲ್ ಕನ್ನಡ ಸಿನಿಮಾ, ಹಾಡುಗಳನ್ನೂ ಇಟ್ಕೊಂಡು, ಇದನ್ನೇ ಹೇಳಿತು. ಹೇಳಿ ಓಡಿತು. ಆಮೇಲೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿಯನ್ನೂ ತಗೊಂಡಿತು. ಓಡಿದ ಖಾತೆಯಲ್ಲೂ ಇದೆ, ಪ್ರಶಸ್ತಿ ಖಾತೆಯಲ್ಲೂ ಇದೆ. ಹಾಗಾದ್ರೆ ಇದನ್ನ ಯಾವ ಕಾಲಮ್ಮಿಗೆ ಹಾಕೋಣ?

ಕಾದಂಬರಿ ಬರೆದವರು ತ್ರಿವೇಣಿ. ನಿಜವಾದ ಹೆಸರು ಅನಸೂಯಾ ಶಂಕರ್. ಹುಟ್ಟಿದ್ದು 1928, ತೀರಿಕೊಂಡಿದ್ದು 1963. ಬದುಕಿದ್ದು ಮೂವತ್ತೈದು ವರ್ಷ ಮಾತ್ರ. ಅವರ 'ಬೆಳ್ಳಿಮೋಡ'ವನ್ನ ಪುಟ್ಟಣ್ಣ 1967ರಲ್ಲಿ ಸಿನಿಮಾ ಮಾಡಿದಾಗಲೂ ಅವರು ಇರಲಿಲ್ಲ, ಶರಪಂಜರ ಬಂದಾಗಲೂ ಇರಲಿಲ್ಲ. ಊರೆಲ್ಲಾ ಅತ್ತುಕೊಂಡು ನೋಡಿದ ಸಿನಿಮಾವನ್ನ ಅದರ ಕತೆ ಬರೆದವರು ನೋಡಲಿಲ್ಲ.

ಮುಂದಿನ ಸಲ ನಿಮ್ಮ ಅಮ್ಮನೋ ಅಜ್ಜಿನೋ ಟಿವಿಯಲ್ಲಿ ಶರಪಂಜರ ಹಾಕಿದ್ರೆ ಚಾನೆಲ್ ಬದಲಾಯಿಸಬೇಡಿ. ಪಕ್ಕದಲ್ಲಿ ಕೂತು ನೋಡಿ. ಸಿನಿಮಾ ಮುಗಿದ ಮೇಲೆ ಅವರು ಏನಾದ್ರೂ ಹೇಳಬಹುದು.

ಭಾಗ 6/10
ಎರಡು ವರ್ಷ ಓಡಿದ್ದು, ಮತ್ತು ಒಂದು ಬೆಂಕಿಪೊಟ್ಟಣದ ಕಾರ್ಖಾನೆ

'ಬಂಗಾರದ ಮನುಷ್ಯ' ಬಿಡುಗಡೆ ಆಗಿದ್ದು 1972ರ ಮಾರ್ಚ್ 31. ನಮ್ಮ ಕಾಮರ್ಸ್‌ನವರಿಗೆ ತಮಾಷೆ ಅನ್ನಿಸೋ ದಿನ! ನಿರ್ದೇಶನ ಸಿದ್ದಲಿಂಗಯ್ಯ, ನಾಯಕ ಡಾ. ರಾಜ್‌ಕುಮಾರ್, ಸಂಗೀತ ಜಿ.ಕೆ. ವೆಂಕಟೇಶ್. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ದಾಖಲೆ ಇದರದ್ದು. ಆ ಥಿಯೇಟರ್‌ಗೆ ಆಮೇಲೆ ಭೂಮಿಕಾ ಅಂತ ಹೆಸರಾಯ್ತು. ಇವತ್ತು ಎರಡು ವಾರ ಓಡಿದ್ರೆ ಸಕ್ಸಸ್ ಮೀಟ್ ಇಡ್ತಾರೆ, ಯೋಚನೆ ಮಾಡಿ.

ಕತೆಯಲ್ಲಿ ಏನಿದೆ? ಓದಿದ ಯುವಕ ರಾಜೀವ ಅಕ್ಕನ ಮನೆಗೆ ಆಸರೆಯಾಗಿ ನಿಂತು, ಬರಡು ನೆಲ ಹದ ಮಾಡಿ ಬೆಳೆ ತೆಗೀತಾನೆ. ಊರನ್ನೇ ಎತ್ತಿ ನಿಲ್ಲಿಸ್ತಾನೆ. ಕೊನೆಗೆ ತಾನು ಬೆಳೆಸಿದ ಹುಡುಗನೇ ಅನುಮಾನ ಪಟ್ಟಾಗ ಏನೂ ತಗೊಳ್ಳದೆ ಹೊರಟು ಹೋಗ್ತಾನೆ. ಈ ಸಿನಿಮಾ ನೋಡಿ ಪಟ್ಟಣದ ಕೆಲಸ ಬಿಟ್ಟು ಊರಿಗೆ ವಾಪಸ್ ಹೋದವರ ಕತೆಗಳನ್ನ ಈಗಲೂ ಹೇಳ್ತಾರೆ. ಇದು ಟಿ.ಕೆ. ರಾಮರಾವ್ ಅವರ ಕಾದಂಬರಿ.

ಇದಕ್ಕಿಂತ ಒಂದು ವರ್ಷ ಮುಂಚೆ, 1971ರಲ್ಲಿ, ದೊರೈ-ಭಗವಾನ್ ಜೋಡಿಯ 'ಕಸ್ತೂರಿ ನಿವಾಸ' ಬಂದಿತ್ತು. ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಇರೋರು ಇದನ್ನ ನೋಡಲೇಬೇಕು. ಯಾಕಂದ್ರೆ ನಾಯಕ ಒಬ್ಬ ಕಾರ್ಖಾನೆ ಮಾಲೀಕ, ಬೆಂಕಿಪೊಟ್ಟಣ ತಯಾರಿಸೋನು. ಅವನ ಕೈಕೆಳಗೆ ಕೆಲಸ ಮಾಡಿದವನೇ ಹೊರಗೆ ಹೋಗಿ ಪೈಪೋಟಿಗೆ ನಿಲ್ತಾನೆ. ಮಾರ್ಕೆಟ್ ಕೈತಪ್ಪುತ್ತೆ. ಆದ್ರೂ ಕೊಡೋ ಕೈ ನಿಲ್ಲಲ್ಲ. ನಮ್ಮ ಕ್ಲಾಸಲ್ಲಿ ಹೇಳಿಕೊಡೋ ಎಲ್ಲಾ ಸೂತ್ರದ ಪ್ರಕಾರ ಅವನು ಸೋತ ವ್ಯಾಪಾರಿ. ಥಿಯೇಟರಲ್ಲಿ ಅತ್ತ ಜನ ಮಾತ್ರ ಹಾಗೆ ಅಂದ್ಕೊಳ್ಳಲಿಲ್ಲ. ಕಪ್ಪು ಬಿಳುಪಿನ ಈ ಚಿತ್ರಕ್ಕೆ ಬಣ್ಣ ಹಾಕಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗಲೂ ಜನ ಬಂದ್ರು.

ಇಲ್ಲಿ ಬೆಳಗಿನ ಶಿಫ್ಟ್ ಬಸ್ಸಿಗೆ ಕಾಯೋರಲ್ಲಿ ಊರಲ್ಲಿ ಜಮೀನು ಬಿಟ್ಟು ಬಂದವರು ಎಷ್ಟೋ ಜನ. ಒಂದು ಸಿನಿಮಾ ಹೊಲದ ಬಗ್ಗೆ, ಇನ್ನೊಂದು ಕಾರ್ಖಾನೆ ಬಗ್ಗೆ. ಎರಡೂ ನಮ್ಮ ಮನೆ ಕತೆಗಳೇ ಅಲ್ವಾ?

ಭಾಗ 7/10
ಆ ಕಡೆಯಿಂದ ಈ ಕಡೆಗೆ ದಾಟಿದವರು

ಈಗ ನನ್ನ ಮುಖ್ಯ ಸಾಕ್ಷಿಗಳು. "ಪ್ರಶಸ್ತಿ ಸಿನಿಮಾದ ಜನ ಬೇರೆ, ಮಾಸ್ ಸಿನಿಮಾದ ಜನ ಬೇರೆ" ಅನ್ನೋರಿಗೆ.

ಸಾಕ್ಷಿ ಒಂದು: ವಂಶವೃಕ್ಷದಲ್ಲಿ ಸಂಪತ್ ಕುಮಾರ್ ಅನ್ನೋ ಹುಡುಗ ಒಂದು ಸಣ್ಣ ಪಾತ್ರ ಮಾಡಿದ. 1972ರ ಡಿಸೆಂಬರ್ 29ಕ್ಕೆ ಬಿಡುಗಡೆಯಾದ ಪುಟ್ಟಣ್ಣನವರ 'ನಾಗರಹಾವು'ವಿನಲ್ಲಿ ಅದೇ ಹುಡುಗ ರಾಮಾಚಾರಿ. ಹೆಸರು ವಿಷ್ಣುವರ್ಧನ್. ರಾಷ್ಟ್ರ ಪ್ರಶಸ್ತಿಯ ಚಿತ್ರದಿಂದ ಚಿತ್ರದುರ್ಗದ ಕೋಟೆ ಮೇಲೆ ಸಿಟ್ಟಲ್ಲಿ ಓಡಾಡೋ ಹೀರೋವರೆಗೆ ಒಂದೇ ಹೆಜ್ಜೆ.

ಅದೇ ಚಿತ್ರದಲ್ಲಿ ಜಲೀಲ್ ಆಗಿ ಬಂದವರು ಅಂಬರೀಶ್. ನಮ್ಮ ಪಕ್ಕದ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರು, ಪಿಟೀಲು ಚೌಡಯ್ಯನವರ ಮೊಮ್ಮಗ. ಅವರಿಗೆ ಅದೇ ಮೊದಲ ಸಿನಿಮಾ. ಪುಟ್ಟಣ್ಣ ಇದೇ ಕತೆಯನ್ನ ಹಿಂದಿಯಲ್ಲಿ 'ಜಹ್ರೀಲಾ ಇನ್ಸಾನ್' ಅಂತ ರಿಷಿ ಕಪೂರ್ ಹಾಕ್ಕೊಂಡು ಮಾಡಿದ್ರು.

ಸಾಕ್ಷಿ ಎರಡು: ಲೋಕೇಶ್. ಅಪ್ಪ ಸುಬ್ಬಯ್ಯ ನಾಯ್ಡು, ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'ದ ನಾಯಕ. ಲೋಕೇಶ್ 1973ರಲ್ಲಿ ಕಾರ್ನಾಡರ ಕಾಡು ಚಿತ್ರದಲ್ಲಿ. 1974ರಲ್ಲಿ ಬಂಗಾರದ ಮನುಷ್ಯ ಮಾಡಿದ ಸಿದ್ದಲಿಂಗಯ್ಯ ಅವರ 'ಭೂತಯ್ಯನ ಮಗ ಅಯ್ಯು'ನಲ್ಲಿ ಅಯ್ಯು. ಬಡ್ಡಿ ವ್ಯವಹಾರದಿಂದ ಊರನ್ನೇ ಹಿಂಡಿದ ಭೂತಯ್ಯ ಸತ್ತಾಗ ಹೆಣ ಹೊರೋಕೆ ಯಾರೂ ಬರಲ್ಲ. ಸಂಸ್ಕಾರದಲ್ಲೂ ಅದೇ ಅಲ್ವಾ ಪ್ರಶ್ನೆ, ಹೆಣ ಯಾರು ಎತ್ತಬೇಕು ಅನ್ನೋದು? ಒಂದರಲ್ಲಿ ಅಡ್ಡ ಬರೋದು ಆಚಾರ, ಇನ್ನೊಂದರಲ್ಲಿ ಸಾಲದ ಪತ್ರ. ಒಂದು ಚಿನ್ನದ ಪದಕ ತಗೊಂಡಿತು, ಇನ್ನೊಂದು ಟೆಂಟುಗಳಲ್ಲಿ ಓಡಿತು.

ಸಾಕ್ಷಿ ಮೂರು: ಜಿ.ವಿ. ಅಯ್ಯರ್. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಜೊತೆ ನಟಿಸಿದವರು, ಜನಪ್ರಿಯ ಚಿತ್ರಗಳಿಗೆ ಹಾಡು ಬರೆದವರು. ವಂಶವೃಕ್ಷದ ನಿರ್ಮಾಪಕರೂ ಅವರೇ. 1975ರಲ್ಲಿ ತಾವೇ 'ಹಂಸಗೀತೆ' ನಿರ್ದೇಶಿಸಿದ್ರು. ಅದು ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ, ಅದರಲ್ಲಿ ಹಾಡಿದ ಬಾಲಮುರಳಿಕೃಷ್ಣ ಅವರಿಗೆ ಅತ್ಯುತ್ತಮ ಗಾಯಕ ಪ್ರಶಸ್ತಿ.

ನಡುವೆ ಗೋಡೆ ಇತ್ತು ಅಂತಿಟ್ಕೊಂಡ್ರೂ, ಈ ಮೂವರು ಅದನ್ನ ದಾಟಿ ಓಡಾಡ್ಕೊಂಡೇ ಇದ್ರು.

ಭಾಗ 8/10
ಪಟ್ಟಿ (ಇದನ್ನ ಸೇವ್ ಮಾಡ್ಕೊಳ್ಳಿ)

ಮೊದಲ ಭಾಗದಲ್ಲಿ ಬಂಡವಾಳ ಒಂದೇ ಕಡೆಯಿಂದ ಬಂತು ಅಂದಿದ್ದೆ. ದುಡ್ಡಿನ ಬಂಡವಾಳ ಅಲ್ಲ, ಕತೆಯ ಬಂಡವಾಳ. ನೋಡಿ:

ಸಂಸ್ಕಾರ, 1970: ಯು.ಆರ್. ಅನಂತಮೂರ್ತಿ
ಶರಪಂಜರ, 1971: ತ್ರಿವೇಣಿ
ವಂಶವೃಕ್ಷ, 1971: ಎಸ್.ಎಲ್. ಭೈರಪ್ಪ
ಬಂಗಾರದ ಮನುಷ್ಯ, 1972: ಟಿ.ಕೆ. ರಾಮರಾವ್
ನಾಗರಹಾವು, 1972: ತ.ರಾ. ಸುಬ್ಬರಾವ್
ಕಾಡು, 1973: ಶ್ರೀಕೃಷ್ಣ ಆಲನಹಳ್ಳಿ
ಅಬಚೂರಿನ ಪೋಸ್ಟಾಫೀಸು, 1973: ಪೂರ್ಣಚಂದ್ರ ತೇಜಸ್ವಿ
ಎಡಕಲ್ಲು ಗುಡ್ಡದ ಮೇಲೆ, 1973: ಭಾರತೀಸುತ
ಎರಡು ಕನಸು, 1974: ವಾಣಿ
ಭೂತಯ್ಯನ ಮಗ ಅಯ್ಯು, 1974: ಗೊರೂರು ರಾಮಸ್ವಾಮಿ ಅಯ್ಯಂಗಾರ್
ಚೋಮನ ದುಡಿ, 1975: ಶಿವರಾಮ ಕಾರಂತ
ಹಂಸಗೀತೆ, 1975: ತ.ರಾ. ಸುಬ್ಬರಾವ್

ಹನ್ನೆರಡಕ್ಕೆ ಹನ್ನೆರಡೂ ಕನ್ನಡ ಪುಸ್ತಕದಿಂದ ಬಂದವು. ರಾಜ್‌ಕುಮಾರ್ ಸಿನಿಮಾ, ಕಾರ್ನಾಡ್ ಸಿನಿಮಾ, ಪುಟ್ಟಣ್ಣ ಸಿನಿಮಾ, ಯಾವುದೇ ತಗೊಳ್ಳಿ, ಹಿಂದೆ ಹೋದ್ರೆ ಸಿಗೋದು ಅದೇ ಲೈಬ್ರರಿ ಕಪಾಟು. ಕಸ್ತೂರಿ ನಿವಾಸದಂಥ ದೊಡ್ಡ ಚಿತ್ರಗಳು ಈ ಪಟ್ಟಿಯಿಂದ ಹೊರಗಿವೆ, ನಿಜ. ಆದ್ರೂ ಈ ಪಟ್ಟಿ ಚಿಕ್ಕದಲ್ಲ.

ತ.ರಾ.ಸು. ಹೆಸರು ಎರಡು ಸಲ ಇರೋದನ್ನ ಗಮನಿಸಿದ್ರಾ? ನಾಗರಹಾವು ಅವರ ಮೂರು ಕಾದಂಬರಿ ಸೇರಿಸಿ ಮಾಡಿದ್ದು: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪ ಮತ್ಸರ'. ಅದು ಬಾಕ್ಸಾಫೀಸಿನ ಚಿತ್ರ. ಹಂಸಗೀತೆ ಪ್ರಶಸ್ತಿಯ ಚಿತ್ರ. ಲೇಖಕ ಒಬ್ಬರೇ, ಎರಡರ ಹಿನ್ನೆಲೆಯೂ ಚಿತ್ರದುರ್ಗವೇ.

ಇದು ಆಗೋಕೆ ಕಾರಣ ಪ್ರೇಕ್ಷಕರು ಓದುತ್ತಿದ್ರು ಅನ್ನೋದು. ವಾರಪತ್ರಿಕೆಗಳಲ್ಲಿ ಧಾರಾವಾಹಿ ಓದಿ, ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ಪುಸ್ತಕ ತಂದು ಓದಿದ ಜನವೇ ಟಿಕೆಟ್ ತಗೊಂಡು ಬಂದದ್ದು. ತ್ರಿವೇಣಿ ಹೆಸರು ಪೋಸ್ಟರಲ್ಲಿ ಇದ್ರೆ ಅದಕ್ಕೂ ಬೆಲೆ ಇತ್ತು. ನಿರ್ಮಾಪಕರ ಲೆಕ್ಕದಲ್ಲಿ ಇದು ದೊಡ್ಡ ವಿಷಯ. ಓದುಗರು ಆಗಲೇ ಒಪ್ಪಿದ ಕತೆ ಅಂದ್ರೆ ರಿಸ್ಕು ಕಮ್ಮಿ.

ಭಾಗ 9/10
1975 ಮತ್ತು ಆಮೇಲೆ

ಚೋಮನ ದುಡಿಗೆ ಬರೋಣ. ಶಿವರಾಮ ಕಾರಂತರು ಕಾದಂಬರಿ ಬರೆದದ್ದು 1930ರ ದಶಕದಲ್ಲಿ. ಬಿ.ವಿ. ಕಾರಂತರು ಸಿನಿಮಾ ಮಾಡಿದ್ದು ನಲವತ್ತು ವರ್ಷ ಆದ್ಮೇಲೆ. ಚೋಮನಿಗೆ ಬೇಕಿರೋದು ಒಂದು ತುಂಡು ನೆಲ, ತಾನೇ ಬೇಸಾಯ ಮಾಡೋಕೆ. ಅವನ ಜಾತಿಯವರಿಗೆ ಅದು ಸಿಗಲ್ಲ. ಎತ್ತು ಇದೆ, ಉಳೋಕೆ ಭೂಮಿ ಇಲ್ಲ. ರಾಜ್ಯದಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಕಾಯ್ದೆ 1974ರಲ್ಲಿ ಜಾರಿಗೆ ಬಂದಿತ್ತು. "ಉಳುವವನೇ ಹೊಲದೊಡೆಯ" ಅನ್ನೋ ಮಾತು ಊರೂರಲ್ಲಿ ಓಡಾಡ್ತಿದ್ದ ಹೊತ್ತಲ್ಲಿ ಈ ಸಿನಿಮಾ ಬಂತು.

ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರ ಪ್ರಶಸ್ತಿ. ಕನ್ನಡ ನಟರೊಬ್ಬರಿಗೆ ಅದು ಮೊದಲ ಸಲ. ಅಲ್ಲಿವರೆಗೆ ಸಣ್ಣಪುಟ್ಟ ಪಾತ್ರಗಳಲ್ಲೇ ಇದ್ದವರು ಅವರು. ಆಮೇಲೆ ಬಂಗಾಳದ ಮೃಣಾಲ್ ಸೇನ್ ತಮ್ಮ ತೆಲುಗು ಚಿತ್ರಕ್ಕೆ ಅವರನ್ನ ಕರೆದುಕೊಂಡ್ರು.

ಈಗ ಮೂರನೇ ಭಾಗದಲ್ಲಿ ನೆನಪಿಟ್ಕೊಳ್ಳಿ ಅಂದ ಹೆಸರು. ಸ್ನೇಹಲತಾ ರೆಡ್ಡಿ.

1975ರ ಜೂನ್ 25ಕ್ಕೆ ತುರ್ತು ಪರಿಸ್ಥಿತಿ ಹೇರಲಾಯ್ತು. ಪಟ್ಟಾಭಿ, ಸ್ನೇಹಲತಾ ಇಬ್ಬರೂ ಲೋಹಿಯಾ ಚಿಂತನೆಯವರು, ಜಾರ್ಜ್ ಫರ್ನಾಂಡಿಸ್ ಅವರ ಗೆಳೆಯರು. 1976ರಲ್ಲಿ ಸ್ನೇಹಲತಾ ಅವರನ್ನ ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದ್ರು. ತೀವ್ರ ಅಸ್ತಮಾ ಇತ್ತು. ತಿಂಗಳುಗಟ್ಟಲೆ ಒಳಗೇ ಇಟ್ರು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿಯಲ್ಲಿ ಪೆರೋಲ್ ಕೊಟ್ರು. ಹೊರಗೆ ಬಂದ ಕೆಲವೇ ದಿನಕ್ಕೆ, ಜನವರಿ 20ರಂದು, ತೀರಿಕೊಂಡ್ರು. ದೇಶದ ಚಿನ್ನದ ಪದಕ ಗೆದ್ದ ಮೊದಲ ಕನ್ನಡ ಚಿತ್ರದ ನಾಯಕಿ ಅವರು. ಆ ಜೈಲಿದ್ದ ಜಾಗವೇ ಇವತ್ತಿನ ಫ್ರೀಡಂ ಪಾರ್ಕ್. ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು ನಡೆದುಕೊಂಡೇ ಹೋಗಬಹುದು.

ಶೋಲೆಯನ್ನೂ ಆ ಕಾಲ ಬಿಡಲಿಲ್ಲ. ಮೊದಲು ತೆಗೆದ ಕ್ಲೈಮ್ಯಾಕ್ಸ್‌ನಲ್ಲಿ ಠಾಕೂರ್ ಗಬ್ಬರ್‌ನನ್ನ ಕೊಲ್ತಾನೆ. ಸೆನ್ಸಾರ್ ಒಪ್ಪಲಿಲ್ಲ, ಪೊಲೀಸರು ಬಂದು ಬಂಧಿಸೋ ಹಾಗೆ ಮತ್ತೆ ಚಿತ್ರೀಕರಿಸಬೇಕಾಯ್ತು. ಮೂಲ ಅಂತ್ಯ ಇರೋ ಪ್ರತಿಯನ್ನ ಸರಿಪಡಿಸಿ 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾ ಚಿತ್ರೋತ್ಸವದಲ್ಲಿ ತೋರಿಸಿದ್ರು. ಐವತ್ತು ವರ್ಷ ಆದ್ಮೇಲಾದ್ರೂ ಸಿನಿಮಾದ ಕ್ಲೈಮ್ಯಾಕ್ಸ್ ವಾಪಸ್ ಬಂತು. ಸ್ನೇಹಲತಾ ಅವರಿಗೆ ಆದದ್ದನ್ನ ಯಾರೂ ಸರಿಪಡಿಸೋಕೆ ಆಗಲ್ಲ.

ಭಾಗ 10/10
ಈಗ ನಿಮ್ಮ ಕೆಲಸ

ಲೆಕ್ಕ ಕೂಡಿಸೋಣ. ಎಪ್ಪತ್ತರ ದಶಕ ಒಂದರಲ್ಲೇ ಕನ್ನಡಕ್ಕೆ ಮೂರು ಸ್ವರ್ಣ ಕಮಲ ಬಂತು: ಸಂಸ್ಕಾರ, ಚೋಮನ ದುಡಿ, 1977ರ 'ಘಟಶ್ರಾದ್ಧ'. ಘಟಶ್ರಾದ್ಧ ಗಿರೀಶ್ ಕಾಸರವಳ್ಳಿ ಅವರದ್ದು, ಕತೆ ಮತ್ತೆ ಅನಂತಮೂರ್ತಿ ಅವರದ್ದೇ. ಅದೇ ದಶಕದಲ್ಲಿ ರಾಜ್‌ಕುಮಾರ್ ಚಿತ್ರ ಎರಡು ವರ್ಷ ಓಡಿತು, ವಿಷ್ಣು ಮತ್ತು ಅಂಬಿ ಬಂದ್ರು. ಇವು ಒಂದನ್ನೊಂದು ತಿಂದು ಬೆಳೆದವಲ್ಲ. ಒಂದೇ ನೀರು ಕುಡಿದು ಬೆಳೆದವು. ಆ ನೀರು ಕನ್ನಡದ ಓದು.

ಹಾಗಾಗಿ "ಈಗ ಯಾಕೆ ಅಂಥ ಸಿನಿಮಾ ಬರಲ್ಲ" ಅಂತ ಯಾರಾದ್ರೂ ಗೊಣಗಿದ್ರೆ, ಹೀರೋಗಳನ್ನ ಬೈಯೋಕೆ ಮುಂಚೆ ಒಂದು ಪ್ರಶ್ನೆ ಕೇಳಿ: ಕಳೆದ ವರ್ಷ ನೀವು ಓದಿದ ಕನ್ನಡ ಕಾದಂಬರಿ ಯಾವುದು? ಪ್ರಶ್ನೆ ನನಗೂ ಸೇರಿಸಿ. ನಾನು ಸದ್ಯಕ್ಕೆ ಕಾಡು ಓದ್ತಿದೀನಿ, ಕಾಸ್ಟ್ ಅಕೌಂಟಿಂಗ್ ಪುಸ್ತಕದ ಕೆಳಗೆ ಇಟ್ಕೊಂಡು.

ಇನ್ನೊಂದು ತುರ್ತಿನ ವಿಷಯ. 1973ರಲ್ಲಿ ನನ್ನ ವಯಸ್ಸಿನವರಾಗಿದ್ದವರಿಗೆ, ಅಂದ್ರೆ ಇಪ್ಪತ್ತು ಇದ್ದವರಿಗೆ, ಈಗ ಎಪ್ಪತ್ತು ದಾಟಿದೆ. ಬಂಗಾರದ ಮನುಷ್ಯ ಯಾವ ಟೆಂಟಲ್ಲಿ ನೋಡಿದ್ರು, ಟಿಕೆಟ್ ಎಷ್ಟಿತ್ತು, ಎತ್ತಿನ ಗಾಡಿಯಲ್ಲಿ ಹೋದ್ರಾ ನಡ್ಕೊಂಡು ಹೋದ್ರಾ, ಶರಪಂಜರ ನೋಡಿ ಬಂದ ರಾತ್ರಿ ಮನೇಲಿ ಏನು ಮಾತಾಯ್ತು, ರಾಮದೇವರಬೆಟ್ಟದ ಹತ್ತಿರ ಶೂಟಿಂಗ್ ನೋಡೋಕೆ ಹೋಗಿದ್ರಾ, ಇದೆಲ್ಲ ಇರೋದು ಅವರ ತಲೆಯಲ್ಲಿ ಮಾತ್ರ. ಕೆಂಪೇಗೌಡ ರಸ್ತೆಯ ಥಿಯೇಟರ್‌ಗಳು ಒಂದೊಂದಾಗಿ ಹೋಗ್ತಿವೆ. ಕಪಾಲಿ ಹೋಯ್ತು. ಕಟ್ಟಡ ಹೋದ್ರೆ ಫೋಟೋ ಆದ್ರೂ ಸಿಗುತ್ತೆ. ನೋಡಿದವರು ಹೋದ್ರೆ ಏನೂ ಸಿಗಲ್ಲ.

ಅದಕ್ಕೆ ಈ ವಾರ ಮೂರು ಕೆಲಸ.

ಒಂದು: ಎಂಟನೇ ಭಾಗದ ಪಟ್ಟಿಯಲ್ಲಿ ಒಂದು ಸಿನಿಮಾ ನೋಡಿ. ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗದಿದ್ರೆ ಭೂತಯ್ಯನ ಮಗ ಅಯ್ಯು ಹಾಕಿ, ಬೋರ್ ಆಗಲ್ಲ.

ಎರಡು: ಅದರ ಪುಸ್ತಕ ಹುಡುಕಿ. ಹತ್ತಿರದ ಸರ್ಕಾರಿ ಗ್ರಂಥಾಲಯದಲ್ಲಿ ಕೇಳಿ. ಧೂಳು ಹೊಡೆದು ಕೊಡ್ತಾರೆ.

ಮೂರು: ಮನೆಯಲ್ಲೋ ಬೀದಿಯಲ್ಲೋ ಎಪ್ಪತ್ತು ದಾಟಿದ ಯಾರಾದ್ರೂ ಇದ್ರೆ, ಫೋನಿನ ರೆಕಾರ್ಡರ್ ಆನ್ ಮಾಡಿ, ಅವರ ಒಪ್ಪಿಗೆ ಕೇಳಿ, ಪಕ್ಕದಲ್ಲಿ ಕೂತ್ಕೊಳ್ಳಿ. "ನೀವು ಮೊದಲು ನೋಡಿದ ಸಿನಿಮಾ ಯಾವುದು?" ಅಂತ ಕೇಳಿದ್ರೆ ಸಾಕು. ಉಳಿದದ್ದು ಅವರೇ ಹೇಳ್ತಾರೆ.

#ಕನ್ನಡಸಿನಿಮಾ #ಎಪ್ಪತ್ತರದಶಕ #ಸಂಸ್ಕಾರ #ಚೋಮನದುಡಿ #ಬಿಡದಿ #ರಾಮನಗರ #ಕನ್ನಡಓದು